ಲಗಮಿ ಎಬ್ಬಿಸಿದ ಲಾರಿ

ಈಚೆಗೆ ನಾನು ಒಬ್ಬ ಯಂತ್ರಮಾನವನ ಕುತ್ತಿಗೆ ಮುರಿದೆ.

ಗಾಬರಿಯಾಗಬೇಡಿ. ಅವನು ಗೇಣುದ್ದ ಕೂಡ ಇರಲಿಲ್ಲ. ಕೆಂಪು ಬಣ್ಣ ಬಳಿದ ಪ್ಲಾಸ್ಟಿಕ್ಕಿನವನು. ಆದರೆ ಅವನನ್ನು ಹುಟ್ಟಿಸಿದವರು ನನ್ನೆದುರಿಗೇ ಕುರ್ಚಿಯಲ್ಲಿ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಟಕ್ ಎಂದು ಸದ್ದಾಯಿತು. ರುಂಡ ಬಂದು ನನ್ನ ಮಡಿಲಿಗೆ ಬಿತ್ತು. ಬಸಿಯ ಚಹಾ ಅವರ ಬಿಳಿ ಅಂಗಿಗೆ ಬಿತ್ತು.

"ವೈನೀ, ನೀವ ಹಿಂಗ ಮುರದ್ರ ಹುಡುಗ್ರು ಏನ ಮಾಡ್ಯಾವು?" ಎಂದರು, ಬಹಳ ಮೆಲ್ಲಗೆ.

ಅವರು ಭೂಪಾಲಣ್ಣ. ನಮ್ಮ ಯಜಮಾನರ ಹಳೆಯ ಗೆಳೆಯರು, ಅದಕ್ಕೇ ನಾನು ವೈನಿ, ಎಂದರೆ ಅತ್ತಿಗೆ. ಇಚಲಕರಂಜಿಯಲ್ಲಿ ಮಗ್ಗದ ಋಣವಿಲ್ಲದೆ ಉಣ್ಣುವವರು ಯಾರಿದ್ದಾರೆ? ಭೂಪಾಲಣ್ಣನಿಗೆ ಸ್ವಂತ ಮಗ್ಗವಿಲ್ಲ, ಆದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತುವ ಕಾಂಡಿ ಇರುತ್ತದಲ್ಲ, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕುವ ಒಂದು ಶೆಡ್ಡು ಇದೆ. ಇಪ್ಪತ್ತು ವರ್ಷದಿಂದ ಕಾಂಡಿ, ಕಾಂಡಿ, ಕಾಂಡಿ. ಮನುಷ್ಯನಿಗೆ ಬೇಸರ ಬರುವುದಿಲ್ಲವೇ?

ಬೇಸರ ಕಳೆದದ್ದು ಅವರ ಅಳಿಯನಿಂದ. ದುಬೈಯಿಂದ ರಜೆಗೆ ಬಂದವನು ಮಗನಿಗೆ ಒಂದು ಆಟಿಕೆ ತಂದಿದ್ದ. ನೋಡಲು ಲಾರಿ. ಅಲ್ಲಿ ಎಳೆದು, ಇಲ್ಲಿ ಮಡಚಿ, ಹಿಂದಿನಿಂದ ತಿರುವಿದರೆ ಕೈಕಾಲು ತಲೆ ಎಲ್ಲ ಇರುವ ರೋಬೋ. ಮೊಮ್ಮಗ ಅದನ್ನು ಅರ್ಧ ಮನುಷ್ಯ ಮಾಡಿ ಸಿಕ್ಕಿಹಾಕಿಸಿದ. ಅವನಪ್ಪ ಬಿಡಿಸಲು ಹೋಗಿ ಸೋತ. ಕೊನೆಗೆ ಅಜ್ಜನೇ ಊಟ ಬಿಟ್ಟು ಕೂತು ಬಿಡಿಸಿದರು. ಬಿಡಿಸಿದ ಮೇಲೆ ಮೊಮ್ಮಗನಿಗೆ ಕೊಡದೆ ತಾವೇ ಆಡುತ್ತ ಕೂತರು. ಅವರ ಮನೆಯವರು ಸುಶೀಲಕ್ಕ ಬಂದು ಕಿತ್ತುಕೊಳ್ಳಬೇಕಾಯಿತು.

"ಇಂಥಾದ್ದು ನಮ್ಮ ಸಣ್ಣ ಹುಡುಗರಿಗೂ ಬೇಕ್ರಿ ವೈನೀ. ಆದ್ರ ಸೋಪಾ ಇರಬೇಕು. ಭಾಳ ಸೋಪಾ," ಎಂದರು ಭೂಪಾಲಣ್ಣ. (ಸೋಪಾ ಎಂದರೆ ಮರಾಠಿಯಲ್ಲಿ ಸುಲಭ. ಕೂರುವ ಸೋಫಾ ಅಲ್ಲ. ನಮ್ಮೂರಲ್ಲಿ ಒಂದೇ ವಾಕ್ಯದಲ್ಲಿ ಎರಡು ಭಾಷೆ ಬಾಡಿಗೆಗೆ ಇರುತ್ತವೆ.)

ಹಾಗೆ ಹುಟ್ಟಿದ್ದು ಈ ಕೆಂಪು ರೋಬೋ. ಲಾರಿಯ ಹಿಂಭಾಗ ಎಳೆದರೆ ಕಾಲು. ಬಾಗಿಲು ಬಿಚ್ಚಿದರೆ ಕೈ. ನೆತ್ತಿಯ ಮೇಲಿನ ಮುಚ್ಚಳ ಎತ್ತಿದರೆ ತಲೆ. ಅಷ್ಟೇ. ಕೈಯಿಂದಲೇ ತೀಡಿ ಕೆಲವು ಸ್ಯಾಂಪಲ್ ಮಾಡಿದ್ದರು. ಅದರಲ್ಲೊಂದರ ಗತಿ ಆಗಲೇ ಹೇಳಿದೆ.

ನನ್ನ ಬಳಿ ಯಾಕೆ ಬಂದರು? ನಾನು ಬೆಳಿಗ್ಗೆ ಬಾಲವಾಡಿ ನಡೆಸುತ್ತೇನೆ. ಮಗ್ಗದ ಕೆಲಸಗಾರರ ಓಣಿ, ಒಂದು ದೊಡ್ಡ ಕೋಣೆ, ಮೂರರಿಂದ ಆರು ವರ್ಷದ ಮಕ್ಕಳು. ಗೋಡೆಯಾಚೆ ಖಟ್ ಖಟ್ ಎನ್ನುವ ಮಗ್ಗಗಳು, ಈಚೆ ಅವಕ್ಕಿಂತ ಜೋರಾಗಿ ಕೂಗುವ ನನ್ನ ಮಕ್ಕಳು. ಕೊಲ್ಹಾಪುರದಲ್ಲಿ ಉಕ್ಕಿನ ಡೈ, ಎಂದರೆ ಅಚ್ಚು, ಕೊರೆಯಲು ಶುರುಮಾಡುವ ಮೊದಲು ಮಕ್ಕಳು ಒಮ್ಮೆ ಆಡಿ ನೋಡಲಿ ಎಂಬುದು ಭೂಪಾಲಣ್ಣನ ಆಸೆ. ಡೈ ಒಮ್ಮೆ ಕೊರೆದರೆ ಮುಗಿಯಿತು. ಶಿಲಾಶಾಸನ. ಆಮೇಲೆ ಮೂಗು ಉದ್ದವಾಯಿತು, ಕಾಲು ಗಿಡ್ಡವಾಯಿತು ಎಂದರೆ ಕೇಳುವವರಿಲ್ಲ.

ಸುಶೀಲಕ್ಕ ಆಗಲೇ ತೀರ್ಪು ಕೊಟ್ಟಾಗಿತ್ತು. "ಕಾಂಡಿ ಮಾಡಿ ನಾಕ ಮಂದ್ಯಾಗ ಮರ್ಯಾದಿಲೇ ಅದೀರಿ. ಈ ವಯಸ್ಸಿನ್ಯಾಗ ಗೊಂಬಿ ಆಟ ಬೇಕಾಗಿತ್ತ?"

ನಮ್ಮ ಅತ್ತೆಯದೂ ಒಂದು ತೀರ್ಪು ಇತ್ತು. ಅವರು ಗಡಹಿಂಗ್ಲಜದವರು. ಮುಖಸ್ತುತಿ ಎಂಬುದು ಆ ಊರಿನ ನೀರಿನಲ್ಲೇ ಇಲ್ಲ. ರೋಬೋವನ್ನು ಕೈಗೆ ತೆಗೆದುಕೊಂಡು ಕನ್ನಡಕದ ಮೇಲಿನಿಂದ ನೋಡಿದರು, ಕೆಳಗಿನಿಂದ ನೋಡಿದರು.

"ಲಾರಿ ಆದ್ರ ಲಾರಿ ಇರಬೇಕು, ಮನಿಷ್ಯಾ ಆದ್ರ ಮನಿಷ್ಯಾ ಇರಬೇಕು. ಗಳಿಗಿಗೊಂದ ಆಗಾವ್ರನ್ನ ನಂಬೂದ ಹ್ಯಾಂಗ?"

ಭೂಪಾಲಣ್ಣ ಅಂಗಿ ಒರೆಸಿಕೊಳ್ಳುತ್ತ ಎದ್ದರು. "ನಾಳಿ ಮುಂಜಾನೆ ಬಾಲವಾಡಿಗೆ ಬರ್ತೇನ್ರಿ."

"ಬರ್ರಿ. ಆದ್ರ ಬಾಯಿ ತೆರೀಬಾರದು," ಎಂದೆ.

ಬಂದರು. ಇಸ್ತ್ರಿ ಮಾಡಿದ ಟೋಪಿ ಹಾಕಿಕೊಂಡು, ಪರೀಕ್ಷೆಗೆ ಮಗನನ್ನು ಕಳಿಸಿದ ಅಪ್ಪನ ಹಾಗೆ, ಮೂಲೆಯ ಪುಟ್ಟ ಸ್ಟೂಲಿನ ಮೇಲೆ ಮುದುಡಿ ಕೂತರು. ನಾನು ಸ್ಯಾಂಪಲ್‌ಗಳನ್ನು ಚಾಪೆಯ ನಡುವೆ ಇಟ್ಟು ಹಿಂದೆ ಸರಿದೆ. ಒಂದು ಮಾತೂ ಆಡಲಿಲ್ಲ. ಆಟಿಕೆಗೆ ವಿವರಣೆ ಬೇಕಾದರೆ ಅದು ಆಟಿಕೆಯಲ್ಲ, ಹೋಮ್‌ವರ್ಕ್.

ಓದುಗರೇ, ಆಟಿಕೆಯನ್ನು ಪರೀಕ್ಷಿಸುವುದು ಹೇಗೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪಿಂಟ್ಯಾ ಎಂಬ ಮೂರು ವರ್ಷದವನು ಮೊದಲು ಅದನ್ನು ನೆಕ್ಕಿದ. ಆಮೇಲೆ ಕಚ್ಚಿದ. ಆಮೇಲೆ ಪೂರ್ತಿ ಬಾಯಿಗೆ ತುರುಕಲು ನೋಡಿದ. ಬಾಯಿ ತೆರೆಸಿದರೆ ನಾಲಿಗೆ ಕೆಂಪೋ ಕೆಂಪು! ಬಣ್ಣ ಬಿಟ್ಟಿತ್ತು. ಅವನನ್ನು ಬಿಡಲು ಬಂದು ಬಾಗಿಲಲ್ಲೇ ನಿಂತಿದ್ದ ಅಜ್ಜಿ ಹೌಹಾರಿದಳು. "ಯವ್ವಾ, ಇಷ್ಟ ಸಣ್ಣ ಕೂಸಿಗೆ ಯಾರ ಎಲಿ ಅಡಿಕಿ ತಿನ್ಸಿದ್ರ?"

ಮೂಲೆಯಿಂದ ಭೂಪಾಲಣ್ಣನ ಗಂಟಲಲ್ಲಿ ಏನೋ ಸಿಕ್ಕಂತೆ ಸದ್ದು ಬಂತು. ನಾನು ಕಣ್ಣು ಬಿಟ್ಟೆ. ಸುಮ್ಮನಾದರು.

ಇನ್ನೊಬ್ಬ ಅದನ್ನು ಗೋಡೆಗೆ ಎಸೆದ. ಮುರಿಯಲಿಲ್ಲ. (ಒಂದು ಮಾರ್ಕು.) ಇಬ್ಬರು ಹುಡುಗಿಯರು ಲಾರಿಯನ್ನು ಲಾರಿಯಾಗಿಯೇ ಇಟ್ಟು, ಮೇಲೆ ಕರ್ಚೀಫು ಹೊದಿಸಿ, ತಟ್ಟುತ್ತ ಕೂತರು.

"ಬಿಚ್ಚಿ ನೋಡೂದಿಲ್ಲೇನವಾ?" ಭೂಪಾಲಣ್ಣನಿಗೆ ತಡೆಯಲಾಗಲಿಲ್ಲ.

"ಶ್! ಮಕ್ಕೊಂಡೈತಿ. ಎಬ್ಬಸಬ್ಯಾಡ್ರಿ ಅಜ್ಜಾ," ಎಂದಳು ಒಬ್ಬಳು.

ಹೇಳಿ, ಯಾವ ಎಂಜಿನಿಯರ್ ಇದನ್ನು ಯೋಚಿಸಿದ್ದ?

ಆಮೇಲೆ ಶಿವ್ಯಾನ ಕೈಗೆ ಬಂತು. ಶಿವ್ಯಾ ನಮ್ಮ ಬಾಲವಾಡಿಯ ಹಿರಿಯ, ಆರು ವರ್ಷದ ದೊಡ್ಡ ಮನುಷ್ಯ. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಎಳೆದ. ಕಾಲು ಹೊರಗೆ ಬಂದವು. ಮುಚ್ಚಳ ಎತ್ತಿದ. ತಲೆ! ಕೋಣೆಯಲ್ಲಿ ಎದ್ದ ಹುಯಿಲಿಗೆ ಪಕ್ಕದ ಶೆಡ್ಡಿನ ಮಗ್ಗಗಳು ಕೇಳದಾದವು. "ಲಾರಿ ಎದ್ದ ನಿಂತೈತಿ! ಲಾರಿ ಎದ್ದ ನಿಂತೈತಿ!" ಇನ್ನು ಎಲ್ಲರಿಗೂ ಬೇಕು. ಪಾಳಿ ಹಚ್ಚಿಸಿದೆ. ಕೆಲವರು ಎಬ್ಬಿಸಿದರು, ಕೆಲವರು ಅರ್ಧ ಎಬ್ಬಿಸಿ "ಕುಂತಾನ" ಎಂದು ತೃಪ್ತಿಪಟ್ಟರು. ಭೂಪಾಲಣ್ಣ ಸ್ಟೂಲಿನ ಮೇಲೆ ಹಿಗ್ಗಿ ದುಪ್ಪಟ್ಟಾಗಿದ್ದರು.

ಪಾಳಿಯ ಕೊನೆಯಲ್ಲಿ ಲಗಮಿ ಇದ್ದಳು.

ಪೂರ್ತಿ ಹೆಸರು ಲಗಮವ್ವ. ಐದು ತುಂಬಿದೆ. ಗೋಕಾಕದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು. ಅಪ್ಪ ಮಗ್ಗ ನಡೆಸುತ್ತಾನೆ, ಅವ್ವ ಸಾವಂತ್ರೆವ್ವ ಕಾಂಡಿಗೆ ನೂಲು ಸುತ್ತುತ್ತಾಳೆ. ಎದೆಹಾಲು ಬಿಡುವ ಹೊತ್ತಿಗೆ ಬಂದ ಮೆದುಳು ಜ್ವರ ಲಗಮಿಯ ಎಡಗೈಯನ್ನು ಸೋಲಿಸಿ ಹೋಯಿತು. ಕೈ ಇದೆ, ಅದರಲ್ಲಿ ಹಸಿರು ಬಳೆಯೂ ಇದೆ. ಬೆರಳು ಮುಚ್ಚುವುದಿಲ್ಲ. ಅವಳನ್ನು ಕಂಡವರೆಲ್ಲ "ಅಯ್ಯ, ಪಾಪ" ಎನ್ನುತ್ತಾರೆ. ಹಾಗೆಂದವರನ್ನು ಲಗಮಿ ನೋಡುವ ನೋಟ ನೀವು ನೋಡಬೇಕು.

ಲಾರಿ ಅವಳ ಕೈಗೆ ಬಂತು. ಒಂದು ಕೈಯಲ್ಲಿ ಹಿಡಿಯಬೇಕು, ಇನ್ನೊಂದರಲ್ಲಿ ಎಳೆಯಬೇಕು. ಇದು ನನಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಭೂಪಾಲಣ್ಣನಿಗೂ ಇಲ್ಲ.

"ಇಲ್ಲಿ ಕೊಡ, ನಾ ಬಿಚ್ಚಿ ಕೊಡ್ತೇನಿ," ಎಂದು ಶಿವ್ಯಾ ಕೈ ಚಾಚಿದ.

"ಸರಿ ಆಚೆ," ಎಂದಳು ಲಗಮಿ.

ಮೊದಲು ಲಾರಿಯನ್ನು ಮೊಣಕಾಲ ಕೆಳಗೆ ಅದುಮಿ ಎಳೆದಳು. ಜಾರಿತು. ಗದ್ದದ ಕೆಳಗೆ ಸಿಕ್ಕಿಸಿಕೊಂಡಳು. ಮತ್ತೆ ಜಾರಿತು. ಹಲ್ಲಿನಲ್ಲಿ ಹಿಡಿದಳು. ಪಿಂಟ್ಯಾನ ನಾಲಿಗೆ ನೆನಪಾಗಿ ನಾನು "ಬ್ಯಾಡವಾ" ಎಂದೆ. ಉಗುಳಿದಳು. ಮಕ್ಕಳೆಲ್ಲ ಸುತ್ತ ನಿಂತಿದ್ದರು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಕೈ ತಾನಾಗಿಯೇ ಮುಂದಾಯಿತು. ಅವಳು ತಲೆ ಎತ್ತಿ ನೋಡಿದಳು. ಅದೇ ನೋಟ. ಕೈ ಹಿಂದೆ ತೆಗೆದುಕೊಂಡೆ.

ಆಮೇಲೆ ಅವಳು ಚಾಪೆಯ ಮೇಲೆ ಚಕ್ಕನೆ ಕೂತು, ಲಂಗ ಸರಿಮಾಡಿಕೊಂಡು, ಎರಡೂ ಅಂಗಾಲುಗಳ ನಡುವೆ ಲಾರಿಯ ಮೂತಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಬಲಗೈಯಿಂದ ಜಗ್ಗಿದಳು. ಕರ್ರ್ ಎಂದು ಕಾಲು ಹೊರಗೆ ಬಂದವು. ಒಂದು ಕೈ. ಇನ್ನೊಂದು ಕೈ. ಹೆಬ್ಬೆರಳಿನಿಂದ ಮುಚ್ಚಳ ಚಿಮ್ಮಿದಳು.

ರೋಬೋ ಎದ್ದು ನಿಂತ.

ಮಕ್ಕಳು ಕುಣಿದರು. ನಾನೂ ಕುಣಿದೆ ಎಂದು ಆಮೇಲೆ ಭೂಪಾಲಣ್ಣ ಹೇಳಿದರು. ಲಗಮಿ ಮಾತ್ರ ಕುಣಿಯಲಿಲ್ಲ. ಯಾರ ಮುಖವನ್ನೂ ನೋಡದೆ, ಅದನ್ನು ಮತ್ತೆ ಮಡಚಿ ಲಾರಿ ಮಾಡಿ, ಮತ್ತೆ ಅಂಗಾಲಿನ ನಡುವೆ ಹಿಡಿದು, ಮತ್ತೆ ಎಬ್ಬಿಸಿದಳು. ಗೆದ್ದದ್ದು ಅದೃಷ್ಟದಿಂದಲೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ.

ಹೊರಗೆ ಬಂದ ಭೂಪಾಲಣ್ಣ ಟೋಪಿ ತೆಗೆದು ಕಣ್ಣು ಒರೆಸಿಕೊಂಡರು. "ಆ ಕೂಸಿಗೆ ಎಷ್ಟ ತ್ರಾಸ ಆತಲ್ರಿ ವೈನೀ. ನಾ ಎರಡ ಕೈ ಇದ್ದವ್ರನ್ನಷ್ಟ ನೆನಸಿ ಮಾಡೇನಿ. ಇದು ಫೇಲ್. ಡೈ ನಿಲ್ಲಸ್ತೇನಿ."

"ಆಕಿ ಮಾಡಿದ್ಲಲ್ರಿ?"

"ಮಾಡಿದ್ಲು. ಆದ್ರ ಆಕಿಗೆ ಸೋಪಾ ಆಗಬೇಕು."

ಮರುದಿನ ನನ್ನನ್ನೂ ಎಳೆದುಕೊಂಡು ಕೊಲ್ಹಾಪುರಕ್ಕೆ ಹೊರಟರು. ಡೈ ಮಾಡುವವರ ವರ್ಕ್‌ಶಾಪು ಗ್ರೀಸಿನ ವಾಸನೆಯಲ್ಲಿ ಮುಳುಗಿತ್ತು. ಯಜಮಾನ ಜಾಧವ ಎಂಬ ದಪ್ಪ ಮೀಸೆಯ ಮರಾಠಿ ಮನುಷ್ಯ. ಅವರು ಆಗಲೇ ಉಕ್ಕಿನ ತುಂಡಿನ ಮೇಲೆ ಗುರುತು ಹಾಕಿಕೊಂಡು ಕೂತಿದ್ದರು. ಡಿಸೈನ್ ಬದಲಾಯಿಸಬೇಕು ಎಂದದ್ದೇ ತಡ, ಗುಡುಗಿದರು.

"ಆತಾ ಸಾಂಗತಾಯ? ಪೋಲಾದ ಹಾಯ, ಲೋಣಿ ನ್ಹವ್ಹಂ!" ಈಗ ಹೇಳುತ್ತೀರಾ, ಇದು ಉಕ್ಕು, ಬೆಣ್ಣೆಯಲ್ಲ ಎಂದು.

ಭೂಪಾಲಣ್ಣ ವಾದ ಮಾಡಲಿಲ್ಲ. ಲಗಮಿಯ ಕತೆ ಹೇಳಿದರು. ಅಂಗಾಲು, ಗದ್ದ, ಹಲ್ಲು, ಎಲ್ಲ ನಟಿಸಿ ತೋರಿಸಿದರು. ಜಾಧವರ ಮೀಸೆ ನಿಧಾನಕ್ಕೆ ಕೆಳಗಿಳಿಯಿತು. "ಎಕಾ ಹಾತಾನಂ?" ಎಂದರು. ಒಂದೇ ಕೈಯಲ್ಲಿ? ಸ್ಯಾಂಪಲ್ ತೆಗೆದುಕೊಂಡು, ತಮ್ಮ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿದರು.

ಮುಂದಿನ ಅರ್ಧ ಗಂಟೆ ಆ ವರ್ಕ್‌ಶಾಪಿನಲ್ಲಿ ನಡೆದದ್ದನ್ನು ಯಾರಾದರೂ ಹೊರಗಿನವರು ನೋಡಿದ್ದರೆ ನಮ್ಮನ್ನೆಲ್ಲ ಒಂದೇ ಆಸ್ಪತ್ರೆಗೆ ಸೇರಿಸುತ್ತಿದ್ದರು. ಜಾಧವರು ಲಾರಿಯನ್ನು ಟೇಬಲ್ಲಿಗೆ ಒತ್ತಿ ಎಳೆದರು. ಚಹಾದ ಗ್ಲಾಸು ಉರುಳಿತು. ಭೂಪಾಲಣ್ಣ ಗದ್ದಕ್ಕೆ ಸಿಕ್ಕಿಸಿಕೊಂಡು ಕೆಮ್ಮಿದರು. ನಾನು ಸೆರಗಿನಲ್ಲಿ ಕಟ್ಟಿ ಎಳೆಯಲು ನೋಡಿದೆ. (ಅದು ಮೋಸವಂತೆ. ಇಬ್ಬರೂ ಒಪ್ಪಲಿಲ್ಲ.) ಕೊನೆಗೆ ಜಾಧವರು ಚಪ್ಪಲಿ ಬಿಟ್ಟು ನೆಲಕ್ಕೆ ಕೂತು ಅಂಗಾಲಿನ ಪ್ರಯೋಗಕ್ಕೆ ಇಳಿದರು. ಮೊಣಕಾಲು ಮಡಚಿದರೆ ಹೊಟ್ಟೆ ಅಡ್ಡ ಬಂತು. ಹೊಟ್ಟೆ ಒಳಗೆ ಎಳೆದುಕೊಂಡರೆ ಕಾಲು ಬಿಟ್ಟುಕೊಂಡವು. ಲಾರಿ ಹಾರಿ ಲೇತ್ ಮಶಿನ್ನಿನ ಕೆಳಗೆ ಹೋಯಿತು.

ನೆಲದ ಮೇಲೆ ಕೂತಲ್ಲೇ ಅವರು ನಗತೊಡಗಿದರು. ನಾವೂ. ಕಣ್ಣೀರು ಬರುವಷ್ಟು ನಕ್ಕೆವು.

ಎದ್ದವರೇ ಜಾಧವರು ಉಕ್ಕಿನ ಮೇಲಿನ ಗುರುತನ್ನು ಬಟ್ಟೆಯಿಂದ ಒರೆಸಿದರು. ಒಳಗೊಂದು ಸ್ಪ್ರಿಂಗ್ ಇಡೋಣ ಎಂದರು. ಲಾರಿಯನ್ನು ನೆಲಕ್ಕಿಟ್ಟು ಅಂಗೈಯಿಂದ ಒತ್ತಿದರೆ ಸಾಕು, ಟಕ್, ಎಲ್ಲ ತಾನೇ ಬಿಚ್ಚಿಕೊಂಡು ನಿಲ್ಲಬೇಕು. ಬಣ್ಣ ಬಳಿಯುವುದೇ ಬೇಡ, ಪ್ಲಾಸ್ಟಿಕ್ಕೇ ಕೆಂಪಗಿರಲಿ. ಕುತ್ತಿಗೆ ದಪ್ಪ ಇರಲಿ. (ಇದನ್ನು ಹೇಳುವಾಗ ಭೂಪಾಲಣ್ಣ ನನ್ನ ಕಡೆ ನೋಡಿದರು.)

ಕೆಲವು ವಾರ ಕಳೆದು ಹೊಸ ಸ್ಯಾಂಪಲ್ ಬಂತು. ಭೂಪಾಲಣ್ಣ ಅದನ್ನು ಮಾಮೂಲಿ ಚೀಲದಲ್ಲಿ ತರಲಿಲ್ಲ. ಪೇಢೆಯ ಪೊಟ್ಟಣದೊಂದಿಗೆ, ಹೊಸ ಟವೆಲ್ಲಿನಲ್ಲಿ ಸುತ್ತಿ, ಜೊತೆಗೆ ಸುಶೀಲಕ್ಕನನ್ನೂ ಕರೆದುಕೊಂಡು ಬಂದರು. ಸುಶೀಲಕ್ಕ ಬಾಗಿಲಲ್ಲೇ ನಿಂತು "ಇವ್ರ ಹುಚ್ಚ ಎಲ್ಲಿಗೆ ಬಂತು ಅಂತ ನೋಡಾಕ ಬಂದೇನಿ" ಎಂದರು. ಆದರೆ ಕಣ್ಣು ಟವೆಲ್ಲಿನ ಮೇಲೇ ಇತ್ತು.

ಮಕ್ಕಳನ್ನೆಲ್ಲ ಸುತ್ತ ಕೂರಿಸಿದೆ. ಭೂಪಾಲಣ್ಣ ನಡುವೆ ನಿಂತು ಗಂಟಲು ಸರಿಮಾಡಿಕೊಂಡರು. ಭಾಷಣ ಮಾಡುತ್ತಾರೇನೋ ಎಂದು ಹೆದರಿದೆ. ಮಾಡಲಿಲ್ಲ. "ಲಗಮವ್ವಾ, ಬಾ ನಮ್ಮವ್ವಾ. ನಿನ್ನ ಸಲುವಾಗಿ ಮಾಡಿಸಿದ್ದು. ಇದ್ರ ಮ್ಯಾಲ ಕೈ ಒತ್ತು," ಎಂದರಷ್ಟೇ.

ಲಗಮಿ ಬಂದಳು. ಲಾರಿಯನ್ನು ನೋಡಿದಳು. ಅಂಗೈ ಇಟ್ಟು ಒತ್ತಿದಳು.

ಟಕ್!

ಕಾಲು, ಕೈ, ತಲೆ, ಎಲ್ಲ ಒಮ್ಮೆಲೇ. ಮಕ್ಕಳು ಚೀರಿದರು. ಚಪ್ಪಾಳೆ. ಸುಶೀಲಕ್ಕನ ಬಾಯಿ ತೆರೆದುಕೊಂಡಿತು. ಭೂಪಾಲಣ್ಣ ಪೇಢೆಯ ಪೊಟ್ಟಣ ಬಿಚ್ಚತೊಡಗಿದರು.

ಲಗಮಿ ಅದನ್ನು ಮಡಚಿದಳು. ಇನ್ನೊಮ್ಮೆ ಒತ್ತಿದಳು. ಟಕ್. ಆಮೇಲೆ ಎತ್ತಿ ಪಿಂಟ್ಯಾನ ಮಡಿಲಲ್ಲಿ ಇಟ್ಟಳು.

"ತಗೋ. ಇದು ನಿನಗ ಛಲೋ ಐತಿ."

ಭೂಪಾಲಣ್ಣನ ಕೈ ಪೊಟ್ಟಣದ ದಾರದಲ್ಲೇ ನಿಂತಿತು. "ಯಾಕವಾ? ಬ್ಯಾಡೇನ ನಿನಗ?"

"ಇದು ಸಣ್ಣ ಹುಡುಗರದು ಅಜ್ಜಾ. ಇದ್ರಾಗ ನಾ ಮಾಡೂದ ಏನೂ ಇಲ್ಲ. ಎಲ್ಲಾ ಅದ ಮಾಡ್ತೈತಿ." ಆಮೇಲೆ ಕೆಲಸದ ಮಾತಿಗೆ ಬಂದಳು. "ಆ ಹಳೇದ ಎಲ್ಲೈತಿ?"

ನಾನು ಭೂಪಾಲಣ್ಣನ ಮುಖ ನೋಡಲಾರದೆ ಗೋಡೆಯ ವರ್ಣಮಾಲೆ ನೋಡಿದೆ. ಪಾಪ, ಅಷ್ಟು ಓಡಾಟ, ಅಷ್ಟು ಆಸೆ.

ಮೊದಲು ನಕ್ಕವರು ಸುಶೀಲಕ್ಕ. ಸೆರಗು ಬಾಯಿಗೆ ಹಿಡಿದುಕೊಂಡು, ಮೈ ಕುಲುಕಿ ಕುಲುಕಿ. "ಕೇಳಿದ್ರೇನ್ರಿ? ಅಗದಿ ಖರೇ ಐತಿ!" ಆಮೇಲೆ ಭೂಪಾಲಣ್ಣನೂ ನಕ್ಕರು. ಮೊದಲು ಪೆಚ್ಚಾಗಿ, ಆಮೇಲೆ ಹೊಟ್ಟೆಯಿಂದ, ಟೋಪಿ ಬೀಳುವಷ್ಟು. ಪೇಢೆಯನ್ನು ಮೊದಲು ಲಗಮಿಯ ಬಾಯಿಗೇ ಇಟ್ಟರು.

ಪಿಂಟ್ಯಾ ಆಗಲೇ ನಮ್ಮನ್ನೆಲ್ಲ ಮರೆತಿದ್ದ. ಒತ್ತುವುದು, ಟಕ್, ಕೇಕೆ. ಮಡಚಿಕೊಡಲು ಪಕ್ಕದವಳ ಮುಂದೆ ಹಿಡಿಯುವುದು. ಮತ್ತೆ ಒತ್ತುವುದು. ಮೂರು ವರ್ಷದವನ ಕೈಯಲ್ಲಿ ಅದು ಮಂತ್ರ. ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತಿದ್ದ. (ಆಮೇಲೆ ನೆನಪಾಗಿ ಹಾಕಿಕೊಂಡ. ಬಣ್ಣ ಬಿಡಲಿಲ್ಲ.)

"ಎರಡೂ ಮಾಡೂಣು," ಎಂದರು ಭೂಪಾಲಣ್ಣ ಹೋಗುವಾಗ. "ಒತ್ತೂದು ಸಣ್ಣವರಿಗೆ. ಜಗ್ಗೂದು ಲಗಮವ್ವನಂಥ ದೊಡ್ಡವರಿಗೆ. ಏನಂತೀ?" ಕೇಳಿದ್ದು ನನ್ನನ್ನಲ್ಲ, ಸುಶೀಲಕ್ಕನನ್ನೂ ಅಲ್ಲ. ಲಗಮಿ ಪೇಢೆ ನುಂಗಿ, ಯೋಚಿಸಿ, ತಲೆಯಾಡಿಸಿದಳು. ಹಳೆಯ ಸ್ಯಾಂಪಲ್ಲು ಅವಳ ಪಾಲಾಯಿತು. ಬಣ್ಣ ಪೂರ್ತಿ ಕೆರೆದು ತೆಗೆದು ತಂದುಕೊಟ್ಟರು. ಇನ್ನೆರಡು ಬಾಲವಾಡಿಗೆ.

ಇಲ್ಲಿಗೆ ಕತೆ ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆ ಸಾವಂತ್ರೆವ್ವ ಮಗಳನ್ನು ಕರೆದೊಯ್ಯಲು ಸ್ವಲ್ಪ ಬೇಗ ಬಂದಳು. ಕೂದಲ ತುಂಬ ಹತ್ತಿಯ ಧೂಳು. ಬಾಗಿಲಲ್ಲಿ ನಿಂತವಳು ಒಳಗೆ ಬರಲಿಲ್ಲ, ಕರೆಯಲೂ ಇಲ್ಲ. ಏನಾಯಿತೆಂದು ಹೋಗಿ ಅವಳ ಪಕ್ಕ ನಿಂತು ನಾನೂ ನೋಡಿದೆ.

ಚಾಪೆಯ ಮೇಲೆ ಮಕ್ಕಳು ವೃತ್ತವಾಗಿ ಕೂತಿದ್ದರು. ನಡುವೆ ಲಗಮಿ. ಪಾಳಿ ಶಿವ್ಯಾನದು. ಅವನು ಲಾರಿಯನ್ನು ಎರಡು ಅಂಗಾಲುಗಳ ನಡುವೆ ಒತ್ತಿಕೊಂಡು, ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟು, ನಾಲಿಗೆ ಕಚ್ಚಿ ಜಗ್ಗುತ್ತಿದ್ದ. ಆಚೆ ಇನ್ನೊಬ್ಬಳು ಅದೇ ರೀತಿ ಕೂತಿದ್ದಳು. ಕೈಗೆ ಲಾರಿ ಸಿಗದವರು ಸ್ಲೇಟನ್ನೋ ಚಪ್ಪಲಿಯನ್ನೋ ಅಂಗಾಲಿನಲ್ಲಿ ಹಿಡಿದು ಅಭ್ಯಾಸ ನಡೆಸಿದ್ದರು. ಎಲ್ಲರ ಎಡಗೈಯೂ ಬೆನ್ನ ಹಿಂದೆ.

"ಶಿವ್ಯಾ, ಎರಡೂ ಕೈಲೇ ಹಿಡಿಯೋ," ಎಂದೆ.

ಅವನು ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿದ. "ಅಕ್ಕೋರ, ಹಂಗ ಮಾಡಿದ್ರ ಔಟ್ರಿ."

"ಕಾಲ ಗಟ್ಟಿ ಹಿಡಿ, ಸಡ್ಲ ಬಿಟ್ಟಿ ನೋಡ," ಎಂದು ಲಗಮಿ ಅವನನ್ನು ಗದರಿದಳು. ಕರ್ರ್ ಎಂದಿತು. ಲಾರಿ ಎದ್ದು ನಿಂತಿತು. ಶಿವ್ಯಾ ಅವಳ ಮುಖ ನೋಡಿದ. ಲಗಮಿ "ಹೂಂ, ಪಾಸ್" ಎಂದಳು.

ಸಾವಂತ್ರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದಳು. ಸದ್ದಿಲ್ಲದ ನಗು. ಕೆನ್ನೆ ಒದ್ದೆಯಾಗಿತ್ತು.

"ಅಕ್ಕೋರ, ಇಷ್ಟ ದಿನಾ ನಾ ಆಕಿಗೆ ಊಟಾ ಸೈತ ಕಲಸಿ ಬಾಯಾಗ ಇಡ್ತಿದ್ನೆಲ್ರಿ," ಎಂದಳು.

ಯಾರಿಗಾದರೂ ಏನಾದರೂ ಸುಲಭ ಮಾಡಿಕೊಡುವ ಮೊದಲು ಅವರನ್ನೇ ಒಂದು ಮಾತು ಕೇಳಿದರೆ ನಮ್ಮ ಗಂಟೇನು ಹೋಗುತ್ತದೆ?